ಮೂರನೇ ಕೋನದ ಬ್ರಾಕೆಟ್ಟು

ಹೊನ್ನಪ್ಪನಿಗೆ ಸಿಟ್ಟು ಬಂದರೆ ಮೊದಲು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅದು ಫೌಂಡ್ರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಸೋಮವಾರ ಬೆಳಿಗ್ಗೆ ಆಫೀಸಿನ ಮೇಜಿನ ಮುಂದೆ ನಿಂತು ಅವನು ಕನ್ನಡಕ ತೆಗೆದದ್ದೇ ತಡ, ಎಂಜಿನಿಯರ್ ಜಗನ್ಮೋಹನ್ ತನ್ನ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡ.

೧೯೮೮ರ ಮೇ ತಿಂಗಳು. ವಿಶಾಖಪಟ್ಟಣದಿಂದ ಪೆಂಡುರ್ತಿಗೆ ಹೋಗುವ ದಾರಿಯಲ್ಲಿ ಲಕ್ಷ್ಮೀಕಾಂತಮ್ಮನವರ ಫೌಂಡ್ರಿ. ಗಂಡ ಹೋದ ಮೇಲೆ ಹತ್ತು ವರ್ಷದಿಂದ ಆಕೆಯೇ ಅದನ್ನು ನಡೆಸುತ್ತಿದ್ದರು. ಹೊನ್ನಪ್ಪ ಅಲ್ಲಿ ಮರದ ಅಚ್ಚು ಮಾಡುವ ಮೇಸ್ತ್ರಿ. ಕಬ್ಬಿಣದಲ್ಲಿ ಯಾವ ಭಾಗ ಬೇಕೋ ಅದನ್ನು ಅವನು ಮೊದಲು ತೇಗದಲ್ಲಿ ಕೆತ್ತಿ ಕೊಡಬೇಕು. ಆ ಮರವನ್ನು ಮರಳಿನಲ್ಲಿ ಒತ್ತಿ ಎತ್ತಿದಾಗ ಉಳಿಯುವ ಗುಳಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಮರ ತಪ್ಪಾದರೆ ಕಬ್ಬಿಣವೂ ತಪ್ಪು. ಕಬ್ಬಿಣ ತಪ್ಪಾದರೆ ಮತ್ತೆ ಕುಲುಮೆಗೆ. ಹೊನ್ನಪ್ಪ ಹಿರಿಯೂರು ಕಡೆಯವನು. ಊರಿನ ಶಾಲೆಯಲ್ಲಿ ಏಳನೇ ತರಗತಿ ಓದಿದ್ದ. ಆಮೇಲೆ ಹದಿನೈದು ವರ್ಷ ನೌಕಾಪಡೆಯಲ್ಲಿ ಬಡಗಿಯಾಗಿದ್ದು ನಿವೃತ್ತನಾಗಿ, ಊರಿಗೆ ಹೋಗದೆ ಇಲ್ಲೇ ನಿಂತಿದ್ದ. ತೆಲುಗನ್ನು ತನ್ನದೇ ಕನ್ನಡದ ಧಾಟಿಯಲ್ಲಿ ಆಡುತ್ತಿದ್ದ. ಬೈಯುವಾಗ ಮಾತ್ರ ಶುದ್ಧ ಕನ್ನಡ.

ಜಗಳ ಹುಟ್ಟಿದ್ದು ಒಂದು ಹಾಳೆಯಿಂದ.

ವಿಜಯವಾಡದಲ್ಲಿ ಕಾಲುವೆ ಪಕ್ಕದ ಒಂದು ಪಂಪ್‌ಹೌಸಿನಲ್ಲಿ ಹಳೆಯ ಅಮೆರಿಕನ್ ಪಂಪೊಂದಿತ್ತು. ಅದರ ದಂಡದ ತುದಿಯನ್ನು ಹಿಡಿದು ನಿಲ್ಲಿಸುವ ಬ್ರಾಕೆಟ್ಟು ಮುರಿದು ಮೂರು ವಾರವಾಗಿತ್ತು. ಅಲ್ಲಿಯ ಜಾಣರು ಮುರಿದ ತುಂಡುಗಳನ್ನು ಗುಜರಿಗೆ ಕಳಿಸಿಬಿಟ್ಟಿದ್ದರು. ಉಳಿದದ್ದು ನಕ್ಷೆ ಮಾತ್ರ. ಅದೂ ಅಲ್ಲಿಯ ಆಪರೇಟರ್ ಮಸ್ತಾನನ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಹೇಗೆಂದರೆ ಹಾಗೆ ಮಡಿಚಿಟ್ಟು, ಬಣ್ಣ ಹೋಗಿ, ಒಂದು ಮೂಲೆಯನ್ನು ಹುಳ ತಿಂದಿತ್ತು. ಆ ಬೇಸಿಗೆಯಲ್ಲಿ ಎರಡು ಬೀದಿಯ ಜನ ನೀರಿಗಾಗಿ ಕೊಡ ಹಿಡಿದು ಟ್ಯಾಂಕರ್ ಕಾಯುತ್ತಿದ್ದರು.

ಇಂಥ ನಕ್ಷೆಯಲ್ಲಿ ವಸ್ತುವನ್ನು ಒಂದೇ ಚಿತ್ರದಲ್ಲಿ ತೋರಿಸುವುದಿಲ್ಲ. ಎದುರಿನಿಂದ ಕಂಡದ್ದು ಒಂದು, ಮಗ್ಗುಲಿನಿಂದ ಕಂಡದ್ದು ಇನ್ನೊಂದು, ಹೀಗೆ ಬಿಡಿ ಬಿಡಿಯಾಗಿ ಬರೆದು ಅಳತೆ ಹಾಕುತ್ತಾರೆ. ಈ ಹಾಳೆಯಲ್ಲಿ ಮಗ್ಗುಲ ನೋಟ ಎದುರು ನೋಟದ ಬಲಗಡೆಗಿತ್ತು. ಅದು ಬ್ರಾಕೆಟ್ಟಿನ ಬಲ ಮಗ್ಗುಲೋ ಎಡ ಮಗ್ಗುಲೋ? ಪ್ರಶ್ನೆ ಇಷ್ಟೇ. ಮೂರನೇ ಕೋನದ ಪದ್ಧತಿಯಲ್ಲಿ ಬರೆದಿದ್ದರೆ ಬಲಗಡೆ ಇರುವುದು ಬಲ ಮಗ್ಗುಲು. ಮೊದಲನೇ ಕೋನದ ಪದ್ಧತಿಯಾದರೆ ಬಲಗಡೆ ಇರುವುದು ಎಡ ಮಗ್ಗುಲು. ಯಾವ ಪದ್ಧತಿ ಎಂದು ಹೇಳುವ ಪುಟ್ಟ ಗುರುತು ಹಾಳೆಯ ಮೂಲೆಯಲ್ಲಿರುತ್ತದೆ. ಹುಳ ತಿಂದದ್ದು ಅದೇ ಮೂಲೆಯನ್ನು.

ಜಗನ್ಮೋಹನ್ ಮೊದಲನೇ ಕೋನ ಎಂದ. ಪಂಪು ಅಮೆರಿಕದ್ದಾದರೂ ನಕ್ಷೆಯನ್ನು ನಮ್ಮ ದೇಶದಲ್ಲೇ ಯಾರೋ ಮತ್ತೆ ಬರೆದಿದ್ದಾರೆ, ಅಳತೆಗಳೆಲ್ಲ ಮಿಲಿಮೀಟರಿನಲ್ಲಿವೆ, ಆದ್ದರಿಂದ ನಮ್ಮ ಪದ್ಧತಿಯೇ ಇರುತ್ತದೆ ಎಂದು ಅವನ ವಾದ. ಹುಡುಗ ಓದಿನಲ್ಲಿ ಚಿನ್ನದ ಪದಕ ತೆಗೆದುಕೊಂಡವನು. ದನಿ ಎತ್ತದೆ ಪುಸ್ತಕ ತೆರೆದು ಪುಟ ತೋರಿಸಿದ.

ಹೊನ್ನಪ್ಪನಿಗೆ ಪುಸ್ತಕ ತೋರಿಸಿದ್ದೇ ತಪ್ಪಾಯಿತು. ರಷ್ಯಾದ ಹಡಗಿನ ನಕ್ಷೆಗಳನ್ನೂ ನೋಡಿದ್ದೇನೆ, ಅಮೆರಿಕದ ಯಂತ್ರದ ನಕ್ಷೆಗಳನ್ನೂ ನೋಡಿದ್ದೇನೆ, ರಷ್ಯಾದವರದು ಮೊದಲನೆಯದು, ಅಮೆರಿಕದವರದು ಮೂರನೆಯದು. ಅಳತೆ ಬದಲಿಸಿದವನು ಚಿತ್ರ ಬದಲಿಸುವ ಕಷ್ಟ ತೆಗೆದುಕೊಳ್ಳುವುದಿಲ್ಲ, ಇದ್ದದ್ದರ ಮೇಲೆ ಹಾಳೆ ಇಟ್ಟು ತಿದ್ದಿರುತ್ತಾನೆ ಎಂದು ಮೇಜು ಗುದ್ದಿದ.

ಲಕ್ಷ್ಮೀಕಾಂತಮ್ಮ ಎರಡೂ ಕೇಳಿ, ವಿಜಯವಾಡಕ್ಕೆ ಟ್ರಂಕ್ ಕಾಲ್ ಹಾಕಿಸಿದರು. ಬ್ರಾಕೆಟ್ಟಿನ ಒಂದು ಬದಿಯಲ್ಲಿ ಎಣ್ಣೆ ಬಟ್ಟಲು ಕೂರುವ ದುಂಡನೆಯ ಗುಬುಟು ಇತ್ತು. ಅದು ಯಾವ ಕಡೆಗಿತ್ತೆಂದು ಮಸ್ತಾನ್ ಹೇಳಿದರೆ ಎಲ್ಲ ಮುಗಿಯುತ್ತಿತ್ತು. ಒಂದೂವರೆ ಗಂಟೆ ಕಾದ ಮೇಲೆ ಲೈನು ಸಿಕ್ಕಿತು. ಹೊನ್ನಪ್ಪನೇ ರಿಸೀವರ್ ಕಿತ್ತುಕೊಂಡ.

"ಮಸ್ತಾನ್, ಎಣ್ಣೆ ಬಟ್ಟಲು ಯಾವ ಕಡೆಗಿತ್ತು?"

"ಬಲಗಡೆ ಸಾರ್."

"ನೀನು ಎಲ್ಲಿ ನಿಂತರೆ ಬಲಗಡೆ?"

"ಪೋಸ್ಟಾಫೀಸಲ್ಲಿ ನಿಂತಿದ್ದೀನಿ ಸಾರ್."

"ಅಯ್ಯೋ ಪುಣ್ಯಾತ್ಮ, ಪಂಪಿನ ಹತ್ರ ಎಲ್ಲಿ ನಿಲ್ತಿದ್ದೆ?"

"ಪಂಪಿನ ಹತ್ರ ಎಲ್ಲಾ ಕಡೆನೂ ನಿಲ್ತೀನಿ ಸಾರ್. ಮೂರು ವರ್ಷದಿಂದ ನಾನೊಬ್ಬನೇ."

ಮೂರು ನಿಮಿಷ ಮುಗಿದು ಲೈನು ಕಡಿಯಿತು. ಜಗನ್ಮೋಹನ್ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದ. ಆ ನಗು ಹೊನ್ನಪ್ಪನಿಗೆ ಕಂಡಿತು.

ಲಕ್ಷ್ಮೀಕಾಂತಮ್ಮ, ಎರಡೂ ರೀತಿ ಮಾಡಿಬಿಟ್ಟರೆ ಹೇಗೆ ಎಂದು ಕೇಳಿದರು. ಒಂದು ಅಚ್ಚಿಗೆ ನಾಲ್ಕು ದಿನ ಬೇಕು, ಕುಲುಮೆ ಹೊತ್ತಿಸುವುದು ಶನಿವಾರಕ್ಕೊಮ್ಮೆ, ಎರಡು ಅಚ್ಚು ಆಗುವಷ್ಟು ಹೊತ್ತಿಲ್ಲ ಎಂದು ಜಗನ್ಮೋಹನನೇ ಲೆಕ್ಕ ಹೇಳಿದ. ಹೊನ್ನಪ್ಪನ ಲೆಕ್ಕ ಬೇರೆ.

"ಎರಡು ಮಾಡೋದು ಅಂದ್ರೆ ಎರಡೂ ಗೊತ್ತಿಲ್ಲ ಅಂತ, ಅಮ್ಮಗಾರು. ನನಗೆ ಗೊತ್ತಿದೆ. ಇದು ಥರ್ಡ್ ಆಂಗಲ್. ನಾನು ಮಾಡಿದ ಬ್ರಾಕೆಟ್ ಆ ಪಂಪಿಗೆ ಕೂರದಿದ್ರೆ, ನನ್ನ ಉಳಿ ಪೆಟ್ಟಿಗೆ ಇಲ್ಲೇ ಬಿಟ್ಟು ಹೋಗ್ತೀನಿ. ಮತ್ತೆ ಯಾವ ಫೌಂಡ್ರಿಯಲ್ಲೂ ಮರ ಮುಟ್ಟಲ್ಲ."

ಆಡಿದ ಮಾತು ಸಣ್ಣದಾಗಿರಲಿಲ್ಲ. ನಲವತ್ತಾರು ವರ್ಷದ ಮನುಷ್ಯ, ಬೇರೆ ವಿದ್ಯೆ ಇಲ್ಲ. ಲಕ್ಷ್ಮೀಕಾಂತಮ್ಮ ಹಾಳೆಯನ್ನು ಮಡಿಚಿ ಅವನ ಕೈಗೇ ಕೊಟ್ಟರು. ಗೊತ್ತಿದೆ ಅಂದರೆ ಸಾಲದು, ನಾಳೆ ಬೆಳಿಗ್ಗೆ ಬಂದು ನನಗೆ ತೋರಿಸಿ, ತೋರಿಸಲಾಗದಿದ್ದರೆ ಎಂಜಿನಿಯರ್ ಹೇಳಿದಂತೆ ಆಗಲಿ ಎಂದರು.

ಮನೆಗೆ ಬರುವಷ್ಟರಲ್ಲಿ ಸಿಟ್ಟು ಇಳಿದಿತ್ತು. ಹೊನ್ನಪ್ಪ ಜಗಲಿಯ ಮೇಲೆ ಕೂತು, ಬಟ್ಟೆ ಒಗೆಯುವ ಸೋಪಿನ ಎರಡು ಬಾರುಗಳನ್ನು ತೆಗೆದುಕೊಂಡು ಸಣ್ಣ ಉಳಿಯಿಂದ ಕೆತ್ತತೊಡಗಿದ. ಒಂದನ್ನು ಜಗನ್ಮೋಹನ್ ಹೇಳಿದಂತೆ, ಇನ್ನೊಂದನ್ನು ತಾನು ಹೇಳಿದಂತೆ. ಎರಡರಲ್ಲೂ, ಪಂಪಿನ ಪೀಠದ ಮೇಲೆ ಕೂರುವ ಕಾಲು ಬಲಕ್ಕೇ ಚಾಚಿತ್ತು. ವ್ಯತ್ಯಾಸ ಗುಬುಟಿನದು. ಮಗ್ಗುಲ ನೋಟದಲ್ಲಿ ಅದು ಎಡ ಅಂಚಿಗಿತ್ತು, ಬಲದಿಂದ ಕಂಡದ್ದಾದರೆ ಆ ಅಂಚು ಎದುರು ಮುಖ, ಎಡದಿಂದ ಕಂಡದ್ದಾದರೆ ಬೆನ್ನು. ಹಾಗಾಗಿ ಹೊನ್ನಪ್ಪನದರಲ್ಲಿ ಗುಬುಟು ಎದುರು ಮುಖದ ಮೇಲೆ, ಜಗನ್ಮೋಹನನದರಲ್ಲಿ ಬೆನ್ನ ಮೇಲೆ.

ಎರಡನ್ನೂ ಅಕ್ಕಪಕ್ಕ ಇಟ್ಟಾಗ ಅವನಿಗೆ ದಾರಿ ಹೊಳೆಯಿತು. ಗುರುತು ಹೋದರೇನು, ಚಿತ್ರವೇ ಹೇಳಬೇಕಲ್ಲ. ನಕ್ಷೆ ಬರೆಯುವವರು ಕಣ್ಣಿಗೆ ಕಾಣುವ ಅಂಚನ್ನು ತುಂಬು ಗೆರೆಯಲ್ಲಿ ಬರೆಯುತ್ತಾರೆ. ಹಿಂದೆ ಮರೆಯಾದದ್ದನ್ನು ತುಂಡು ತುಂಡು ಗೆರೆಯಲ್ಲಿ. ಗುಬುಟು ಎದುರು ಮುಖದ ಮೇಲಿದ್ದರೆ ಎದುರು ನೋಟದಲ್ಲಿ ಅದರ ವೃತ್ತ ತುಂಬು ಗೆರೆ. ಬೆನ್ನ ಮೇಲಿದ್ದರೆ ತುಂಡು ಗೆರೆ. ಯಾವ ಪದ್ಧತಿ ಎಂದು ಇನ್ಯಾರನ್ನೂ ಕೇಳಬೇಕಾಗಿಲ್ಲ.

ಅವಸರದಿಂದ ಹಾಳೆ ಬಿಚ್ಚಿ, ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ.

ವೃತ್ತ ತುಂಡು ತುಂಡಾಗಿತ್ತು.

ಎಣಿಸಿದ. ಎಂಟು ಕಡೆ ಕಡಿದಿತ್ತು. ಅಂದರೆ ಗುಬುಟು ಬೆನ್ನ ಮೇಲೆ. ಅಂದರೆ ಮೊದಲನೇ ಕೋನ. ಅಂದರೆ ಆ ಹುಡುಗ ಹೇಳಿದ್ದೇ ಸರಿ. ಹೊನ್ನಪ್ಪ ಉಳಿಯನ್ನು ಜಗಲಿಯ ಮೇಲಿಟ್ಟು ಗೋಡೆಗೆ ಒರಗಿದ. ಬೆಳಿಗ್ಗೆ ಹೋಗಿ ಏನು ಹೇಳುವುದು? ಇಷ್ಟು ವರ್ಷದಲ್ಲಿ ಅವನ ಅಚ್ಚು ಒಂದೂ ವಾಪಸು ಬಂದಿರಲಿಲ್ಲ. ಈಗ ಅಚ್ಚು ಮಾಡುವ ಮೊದಲೇ ಸೋತಂತಾಗಿತ್ತು, ಅದೂ ತನ್ನದೇ ಬಾಯಿಂದ.

ಹೆಂಡತಿ ಪುಟ್ಟಮ್ಮ ಒಳಗಿನಿಂದ ಬಂದು ಸೋಪಿನ ಚೂರುಗಳನ್ನು ನೋಡಿದಳು.

"ಹೊಸ ಸೋಪು. ಎರಡೂ."

ಹೊನ್ನಪ್ಪ ಚೂರುಗಳನ್ನು ಅಂಗೈಯಿಂದ ಒಂದು ಕಡೆ ಗುಡ್ಡೆ ಮಾಡಿದ.

"ಒಂದಾದ್ರೂ ಉಳಿಸಬಾರ್ದಿತ್ತಾ? ನಾಳೆ ನಿಮ್ಮ ಅಂಗಿನ ಈ ಗೊಂಬೆ ಹಿಡ್ಕಂಡು ಉಜ್ಜಲಾ?"

ಅದಕ್ಕೂ ಅವನು ಸಿಟ್ಟಾಗದ್ದನ್ನು ಕಂಡು ಪುಟ್ಟಮ್ಮನಿಗೆ ಏನೋ ಆಗಿದೆ ಎಂದು ತಿಳಿಯಿತು. ಅವಳು ಮತ್ತೆ ಕೆಣಕದೆ ಜಗಲಿಯ ಇನ್ನೊಂದು ತುದಿಯಲ್ಲಿ ಚಾಪೆ ಹಾಸಿ ತನ್ನ ಕೆಲಸಕ್ಕೆ ಕೂತಳು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಟ್ರಂಕಿನಿಂದ ರೇಷ್ಮೆ ಸೀರೆಗಳನ್ನು ತೆಗೆದು, ಗಾಳಿಗೆ ಹರವಿ, ಹಳೆಯ ಮಡಿಕೆ ಬಿಟ್ಟು ಹೊಸ ಮಡಿಕೆಯಲ್ಲಿ ಮಡಿಸಿಡುವುದು ಅವಳ ತಾಯಿ ಕಲಿಸಿದ ಪದ್ಧತಿ. ಹೋದ ಮೂರು ವರ್ಷ ಮೈ ಹುಷಾರಿಲ್ಲದೆ ಅದು ತಪ್ಪಿತ್ತು. ಧಾರೆ ಸೀರೆ ಬಿಚ್ಚಿದವಳೇ ತಲೆ ಚಚ್ಚಿಕೊಂಡಳು.

"ನೋಡ್ರಿ ಇಲ್ಲಿ, ಹಾಳಾಗೋಯ್ತು. ಮಡಿಕೆ ಬಿದ್ದಲ್ಲೆಲ್ಲ ಜರಿ ಒಡೆದೈತೆ."

ಹೊನ್ನಪ್ಪ ಸುಮ್ಮನೆ ಆ ಕಡೆ ಕಣ್ಣು ಹಾಯಿಸಿದ. ಅಂಚಿನ ಜರಿ ಗೆರೆ ಉದ್ದಕ್ಕೂ ಸರಿಯಾಗಿತ್ತು, ಮಡಿಕೆಯ ಜಾಗದಲ್ಲಿ ಮಾತ್ರ ಕಡಿದಿತ್ತು. ಒಂದು ಅಂಚಿನಲ್ಲಿ ಎಲ್ಲಿ ಕಡಿದಿತ್ತೋ, ಅದಕ್ಕೆ ನೇರ ಎದುರಿನ ಅಂಚಿನಲ್ಲೂ ಕಡಿದಿತ್ತು. ಅವನು ಸೀರೆಯನ್ನು ನೋಡಿದ, ಹಾಳೆಯನ್ನು ನೋಡಿದ, ಮತ್ತೆ ಸೀರೆಯನ್ನು ನೋಡಿದ.

"ಪುಟ್ಟಿ, ಆ ಅಡಿಕೋಲು ತಾ."

ಹಾಳೆಯನ್ನು ಸಂಜೆಯ ಬೆಳಕಿಗೆ ಓರೆಯಾಗಿ ಹಿಡಿದು ಮಡಿಕೆಗಳನ್ನು ಹುಡುಕಿದ. ಮಸ್ತಾನ್ ಅದನ್ನು ಒಂದೊಂದು ಸಲ ಒಂದೊಂದು ರೀತಿ ಮಡಿಚಿದ್ದ. ವೃತ್ತದ ಮೇಲೆ ಅಡ್ಡಕ್ಕೆ ಮೂರು ಮಡಿಕೆ, ಉದ್ದಕ್ಕೆ ಒಂದು. ಒಂದು ಮಡಿಕೆ ವೃತ್ತವನ್ನು ಎರಡು ಕಡೆ ದಾಟುತ್ತದೆ. ನಾಲ್ಕು ಮಡಿಕೆಗೆ ಎಂಟು ಒಡಕು. ಅಡಿಕೋಲನ್ನು ಮಡಿಕೆಯ ಮೇಲಿಟ್ಟು ಹೊರಕ್ಕೆ ಸಾಗಿದರೆ, ಬ್ರಾಕೆಟ್ಟಿನ ಹೊರ ಅಂಚಿನ ಗೆರೆಯೂ ಅದೇ ಸಾಲಿನಲ್ಲಿ ಕಡಿದಿತ್ತು. ಹೊರ ಅಂಚು ಯಾವ ಕಾಲಕ್ಕೂ ಮರೆಯಾಗುವಂಥದಲ್ಲ, ಅದಕ್ಕೆ ತುಂಡು ಗೆರೆ ಬರೆಯುವ ಮಾತೇ ಇಲ್ಲ. ಜೊತೆಗೆ ವೃತ್ತದ ತುಂಡುಗಳು ಒಂದು ಉದ್ದ, ಒಂದು ಗಿಡ್ಡ. ನಿಜವಾದ ತುಂಡು ಗೆರೆ ಬರೆಯುವವನು ಒಂದೇ ಅಳತೆಯಲ್ಲಿ ಬರೆಯುತ್ತಾನೆ. ನೌಕಾಪಡೆಯ ನಕ್ಷೆಗಳಲ್ಲಿ ಹದಿನೈದು ವರ್ಷ ಅದನ್ನೇ ನೋಡಿದ್ದ.

ವೃತ್ತ ತುಂಬು ಗೆರೆಯದೇ. ಗುಬುಟು ಎದುರಿಗೇ. ಮೂರನೇ ಕೋನ.

ಪುಟ್ಟಮ್ಮ ಸೀರೆ ಹಿಡಿದು ನಿಂತೇ ಇದ್ದಳು. ಹೊನ್ನಪ್ಪ ಎದ್ದು ಅವಳ ಭುಜ ಹಿಡಿದು ಒಂದು ಸುತ್ತು ತಿರುಗಿಸಿಬಿಟ್ಟ. ಪಕ್ಕದ ಮನೆಯ ಕೋಟೇಶ್ವರಮ್ಮ ನೋಡುತ್ತಾಳೆ, ಬಿಡಿ ಎಂದು ಅವಳು ಕೊಸರಿಕೊಂಡಳು. ಧಾರೆ ಸೀರೆ ಹಾಳಾದ್ದಕ್ಕೆ ಇಷ್ಟು ಸಂತೋಷಪಟ್ಟ ಗಂಡಸನ್ನು ತಾನು ಕಂಡಿಲ್ಲ ಎಂದಳು.

ಮಂಗಳವಾರ ಬೆಳಿಗ್ಗೆ ಆಫೀಸಿನ ಮೇಜಿನ ಮೇಲೆ ಹಾಳೆ, ಅಡಿಕೋಲು, ಎರಡು ಸೋಪಿನ ಬ್ರಾಕೆಟ್ಟು. ಹೊನ್ನಪ್ಪ ಈ ಸಲ ದನಿ ಎತ್ತಲಿಲ್ಲ. ಅಮ್ಮಗಾರಿಗೆ ಮೊದಲಿನಿಂದ ಹೇಳಿದ. ಕಿಟಕಿಯ ಗಾಜನ್ನು ತೋರಿಸಿ, ಗಾಜಿನ ಆಚೆ ಇರುವ ವಸ್ತುವನ್ನು ಈಚೆಯಿಂದ ನೋಡಿ ಗಾಜಿನ ಮೇಲೇ ಬರೆದುಕೊಂಡಂತೆ ಮೂರನೇ ಕೋನ, ಯಾವ ಮಗ್ಗುಲಿನಿಂದ ನೋಡಿದೆಯೋ ಚಿತ್ರ ಆ ಮಗ್ಗುಲಲ್ಲೇ ಉಳಿಯುತ್ತದೆ ಎಂದ. ವಸ್ತುವಿನ ಹಿಂದೆ ಗೋಡೆ ಇದ್ದು, ನೋಡಿದ್ದು ದಾಟಿ ಹೋಗಿ ಆ ಗೋಡೆಗೆ ಬಿದ್ದಂತೆ ಮೊದಲನೇ ಕೋನ, ಅದಕ್ಕೇ ಎಡದಿಂದ ಕಂಡದ್ದು ಬಲಕ್ಕೆ ಹೋಗಿ ಕೂರುತ್ತದೆ ಎಂದ. ಆಮೇಲೆ ವೃತ್ತ, ಮಡಿಕೆ, ಒಡಕು ಒಂದೊಂದಾಗಿ ತೋರಿಸಿದ.

ಜಗನ್ಮೋಹನ್ ಭೂತಗನ್ನಡಿ ತಂದು ಬಹಳ ಹೊತ್ತು ನೋಡಿದ. ಮಡಿಕೆಯಿಂದ ಒಡೆದಿರಬಹುದು, ಆದರೆ ಮೊದಲೇ ತುಂಡು ಗೆರೆಯಿದ್ದು ಅದರ ಮೇಲೆ ಮಡಿಕೆ ಬಿದ್ದಿರಲೂಬಹುದು, ತಾನು ಖಾತ್ರಿ ಹೇಳಲಾರೆ ಎಂದ. ಸೋಲಬಾರದೆಂದು ಆಡಿದ ಮಾತಲ್ಲ ಅದು. ಅವನಿಗೆ ನಿಜವಾಗಿಯೂ ಅನುಮಾನವಿತ್ತು. ಹೊನ್ನಪ್ಪನ ಕೈ ಕನ್ನಡಕದವರೆಗೆ ಹೋಗಿ ಕೆಳಗಿಳಿಯಿತು.

ಲಕ್ಷ್ಮೀಕಾಂತಮ್ಮ ಸೋಪಿನ ಗೊಂಬೆಯೊಂದನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿದರು.

"ಇದನ್ನೇ ಹಿಂದುಮುಂದು ತಿರುಗಿಸಿ ಕೂರಿಸಿದ್ರೆ ಆಗೋದಿಲ್ವಾ, ಮೇಸ್ತ್ರಿಗಾರು? ಇಷ್ಟು ರಾದ್ಧಾಂತ ಯಾಕೆ?"

ಹೊನ್ನಪ್ಪ ಬಗ್ಗಿ, ಬಾಗಿಲಲ್ಲಿ ಬಿಟ್ಟಿದ್ದ ತನ್ನ ಎಡಗಾಲಿನ ಚಪ್ಪಲಿ ತಂದು ನೆಲದ ಮೇಲಿಟ್ಟ.

"ಇದನ್ನ ಹೇಗೆ ಬೇಕಾದ್ರೂ ತಿರುಗಿಸಿ ಅಮ್ಮಗಾರು. ಬಲಗಾಲಿಗೆ ಆಗುತ್ತಾ?"

ಆಕೆ ಚಪ್ಪಲಿಯನ್ನು ನೋಡಿದರು, ಜಗನ್ಮೋಹನನನ್ನು ನೋಡಿದರು. ಪುಸ್ತಕ ಹೇಳಿದ್ದನ್ನು ಕೇಳಿದೆ, ಹಾಳೆ ಹೇಳಿದ್ದನ್ನೂ ಕೇಳಿದೆ, ಹಾಳೆ ಹೇಳಿದಂತೆಯೇ ಮಾಡಿ ಎಂದರು. ಆದರೆ ಬ್ರಾಕೆಟ್ಟನ್ನು ಇಬ್ಬರೂ ಜೊತೆಗೆ ಒಯ್ದು ಕೂರಿಸಿ ಬರಬೇಕು. ಸೋಮವಾರ ಆಡಿದ ಮಾತನ್ನು ತಾನು ಮರೆತಿಲ್ಲ ಎಂದೂ ಸೇರಿಸಿದರು. ಹೊನ್ನಪ್ಪ, ನಾನೂ ಮರೆತಿಲ್ಲ ಎಂದ.

ನಾಲ್ಕು ದಿನ ಅವನು ತೇಗ ಕೆತ್ತಿದ. ಕಬ್ಬಿಣ ಆರಿದಾಗ ಕುಗ್ಗುವಷ್ಟನ್ನು ಸೇರಿಸಿ ಅಳತೆ ಹಾಕಿದ. ಶನಿವಾರ ಕುಲುಮೆ ಹೊತ್ತಿತು. ಮರಳು ಒಡೆದು ಬ್ರಾಕೆಟ್ಟನ್ನು ಹೊರಗೆಳೆದಾಗ ಒಂದು ಗುಳ್ಳೆ ಇರಲಿಲ್ಲ, ಒಂದು ಬಿರುಕು ಇರಲಿಲ್ಲ. ಅಷ್ಟರಿಂದ ಏನೂ ತೀರ್ಮಾನವಾಗುವಂತಿರಲಿಲ್ಲ. ತಪ್ಪು ಮಗ್ಗುಲಿನ ಬ್ರಾಕೆಟ್ಟೂ ಅಷ್ಟೇ ಚಂದ ಬರುತ್ತದೆ.

ಸೋಮವಾರ ತೂತು ಕೊರೆದು, ಮಂಗಳವಾರ ಬೆಳಗಿನ ರೈಲಿಗೆ ಇಬ್ಬರೂ ಹೊರಟರು. ಗೋಣಿಚೀಲದಲ್ಲಿ ಸುತ್ತಿದ ಬ್ರಾಕೆಟ್ಟು ಸೀಟಿನ ಕೆಳಗೆ. ದಾರಿಯುದ್ದಕ್ಕೂ ಜಗನ್ಮೋಹನ್ ಮರ್ಯಾದೆಯಿಂದ ಇಡ್ಲಿ ಕೊಡಿಸಿದ, ನೀರು ತುಂಬಿಸಿಕೊಂಡು ಬಂದ. ಬ್ರಾಕೆಟ್ಟಿನ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ರಾಜಮಂಡ್ರಿ ದಾಟಿದ ಮೇಲೆ ಹೊನ್ನಪ್ಪ, ಫೌಂಡ್ರಿ ಬಿಟ್ಟರೆ ತಾನು ಏನು ಮಾಡಬಲ್ಲೆ ಎಂದು ಯೋಚಿಸಿದ. ಕಿಟಕಿಯ ಹೊರಗಿನ ಒಂದೊಂದು ಊರಿನಲ್ಲೂ ಒಂದೊಂದು ಕೆಲಸ ಯೋಚಿಸಿ ಬಿಟ್ಟ. ಏಲೂರಿನ ಹೊತ್ತಿಗೆ ಕೆಲಸಗಳೇ ಮುಗಿದುಹೋದವು.

ವಿಜಯವಾಡದ ಬಿಸಿಲು ಮುಖಕ್ಕೆ ಹೊಡೆಯುವಂತಿತ್ತು. ಗವರ್ನರ್‌ಪೇಟೆಯ ಗದ್ದಲದಲ್ಲಿ ಆಟೋ ಒಂದು ಗಜ ಮುಂದೆ ಹೋಗಲು ಹತ್ತು ಸಲ ಹಾರ್ನ್ ಮಾಡಿತು. ಪಂಪ್‌ಹೌಸಿನ ಮುಂದೆ ಹೆಂಗಸರು ಖಾಲಿ ಕೊಡಗಳನ್ನು ಸಾಲಾಗಿಟ್ಟು, ಬೇವಿನ ಮರದ ಕೆಳಗೆ ಕೂತಿದ್ದರು. ಗೋಣಿಚೀಲ ಇಳಿಸುತ್ತಿದ್ದಂತೆ ದುರ್ಗಾಂಬ ಎಂಬ ಮುದುಕಿ, ಇವತ್ತಾದರೂ ನೀರು ಬರುತ್ತದೋ ಅಥವಾ ನೀವೂ ಬರೆದುಕೊಂಡು ಹೋಗಲು ಬಂದವರೋ ಎಂದು ಕೇಳಿದಳು. ಹೊನ್ನಪ್ಪ ಗೋಣಿಚೀಲದ ಒಂದು ತುದಿ ಹಿಡಿದು ಒಳಗೆ ನಡೆದ.

ಮಸ್ತಾನ್ ಬೀಡಿ ಆರಿಸಿ ಎದ್ದು ಸಲಾಂ ಮಾಡಿದ. ಅವನನ್ನು ಕಂಡು ಹೊನ್ನಪ್ಪನಿಗೆ ಪೋಸ್ಟಾಫೀಸು ನೆನಪಾಗಿ ಬಾಯಿಗೆ ಬಂದದ್ದನ್ನು ನುಂಗಿಕೊಂಡ. ಮೂವರೂ ಸೇರಿ ಬ್ರಾಕೆಟ್ಟು ಎತ್ತಿ ಪಂಪಿನ ಪೀಠದ ಮೇಲಿಟ್ಟರು. ಕಾಲು ಬಲಕ್ಕೆ ಚಾಚಿ ಸರಿಯಾಗಿ ಪೀಠದ ಮೇಲೆ ಬಂತು. ಆದರೆ ಮೊದಲನೇ ಬೋಲ್ಟು ತೂತಿಗೆ ಇಳಿಯಲಿಲ್ಲ. ಹೊನ್ನಪ್ಪ ಬೋಲ್ಟು ತೆಗೆದು ಮತ್ತೆ ಹಾಕಿದ. ಅರ್ಧಕ್ಕೆ ನಿಂತಿತು. ಎರಡನೆಯದೂ ಅಷ್ಟೇ.

ಹೊನ್ನಪ್ಪನ ಬೆನ್ನ ಮೇಲೆ ಬೆವರು ಹರಿಯಿತು. ಮಂಡಿಯೂರಿ ಕೂತು ತೂತಿನೊಳಗೆ ಬೆರಳು ತೂರಿಸಿದ. ಬ್ರಾಕೆಟ್ಟಿನ ತೂತು ನುಣ್ಣಗಿತ್ತು. ಅದರ ಕೆಳಗೆ, ಪೀಠದ ತೂತಿನಲ್ಲಿ, ಬೆರಳಿಗೆ ಗಟ್ಟಿಯಾದ ಹೆಪ್ಪು ತಗುಲಿತು. ಬೆರಳು ಹೊರಗೆ ತೆಗೆದರೆ ಕೆಂಪು ತುಕ್ಕು, ಹಳೆಯ ಗ್ರೀಸು.

"ನಾಲ್ಕು ವಾರ ಖಾಲಿ ಕೂತಿದ್ಯಲ್ಲ ಮಸ್ತಾನ್, ಈ ತೂತು ಕೆರೆಯೋಕೆ ಆಗಲಿಲ್ವಾ ನಿನಗೆ?"

"ಕೆರೀರಿ ಅಂತ ಯಾರೂ ಹೇಳಲಿಲ್ಲ ಸಾರ್. ಟ್ರಂಕ್ ಕಾಲಲ್ಲಿ ಬಲಗಡೆ ಎಡಗಡೆ ಅಷ್ಟೇ ಕೇಳಿದ್ರಿ."

ಮಸ್ತಾನ್ ಸೀಮೆಎಣ್ಣೆ ಸುರಿದು, ಕಂಬಿ ಹಾಕಿ ಕೆರೆದ. ಕಾಲು ಗಂಟೆಯಾದ ಮೇಲೆ ಹೊನ್ನಪ್ಪ ಬೋಲ್ಟನ್ನು ತೂತಿನ ಬಾಯಿಗಿಟ್ಟು ಕೈ ಬಿಟ್ಟ. ಅದು ತನ್ನ ಭಾರಕ್ಕೇ ಜಾರಿ ತಳ ಮುಟ್ಟಿತು. ಎರಡನೆಯದು, ಮೂರನೆಯದು, ನಾಲ್ಕನೆಯದು. ದಂಡದ ತುದಿ ಬ್ರಾಕೆಟ್ಟಿನ ಬಾಯೊಳಗೆ ಹೋಗಿ ಕೂತಿತು. ಹೊನ್ನಪ್ಪ ದಂಡವನ್ನು ಒಂದೇ ಕೈಯಿಂದ ತಿರುಗಿಸಿದ. ಎಲ್ಲೂ ತಡೆಯದೆ ಸುತ್ತು ಬಂತು. ಪಂಪಿನ ಆ ಬದಿಗೆ, ಎರಡು ಬೆರಳಿನ ಅಂತರದಲ್ಲಿ, ಕಲ್ಲಿನ ಗೋಡೆ. ಈ ಬದಿಗೆ ಮಸ್ತಾನ್ ನಿಲ್ಲುವ ಜಾಗ. ಗುಬುಟು ಮಸ್ತಾನನ ಎದೆಗೆ ನೇರವಾಗಿ ಮುಖ ಮಾಡಿತ್ತು.

"ಇದೇ ಸಾರ್, ಇಲ್ಲೇ ಇತ್ತು ಬಟ್ಟಲು," ಎಂದ ಮಸ್ತಾನ್. "ನಾನು ಹೇಳಿದ್ನಲ್ಲ."

ಗೋಡೆಯ ಕಡೆ ಗುಬುಟು ಬಂದಿದ್ದರೆ ಎಣ್ಣೆ ಹಾಕಲು ಕೈಯೂ ತೂರುತ್ತಿರಲಿಲ್ಲ ಎಂಬುದು ಜಗನ್ಮೋಹನನಿಗೆ ಯಾರೂ ಹೇಳದೆ ಕಂಡಿತು. ಅವನು ಆ ಎರಡು ಬೆರಳಗಲದ ಸಂದಿಯಲ್ಲಿ ತನ್ನ ಅಂಗೈ ತೂರಿಸಲು ನೋಡಿ, ಹಿಂದಕ್ಕೆ ತೆಗೆದುಕೊಂಡ.

ಸ್ವಿಚ್ ಹಾಕಿದರು. ಪಂಪು ಒಮ್ಮೆ ಕೆಮ್ಮಿ, ಗುರುಗುಟ್ಟಿ, ಆಮೇಲೆ ಒಂದೇ ದನಿಯಲ್ಲಿ ತಿರುಗತೊಡಗಿತು. ಹೊನ್ನಪ್ಪ ಬ್ರಾಕೆಟ್ಟಿನ ಮೇಲೆ ಅಂಗೈ ಇಟ್ಟು ನಿಂತ, ನಡುಕವಿರಲಿಲ್ಲ. ಐದು ನಿಮಿಷಕ್ಕೆ ಹೊರಗಿನ ಕೊಳಾಯಿಯಲ್ಲಿ ಗಾಳಿ ಸಿಡಿದು, ಕೆಂಪು ನೀರು ಬಂದು, ತಿಳಿಯಾಯಿತು. ಹೆಂಗಸರ ಸಾಲು ಒಂದೇ ಕ್ಷಣದಲ್ಲಿ ಚದುರಿ ಜಗಳವಾಗಿ ಮಾರ್ಪಟ್ಟಿತು. ಅಷ್ಟು ಚಂದದ ಜಗಳವನ್ನು ಹೊನ್ನಪ್ಪ ಕೇಳಿರಲಿಲ್ಲ. ದುರ್ಗಾಂಬ ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಿಗೆ ಬಂದು, ಮಾಡಿದವನು ನಿನ್ನ ಜೊತೆ ಬಂದಿರುವ ಪ್ಯಾಂಟಿನ ಹುಡುಗನಾ ಎಂದು ಹೊನ್ನಪ್ಪನನ್ನು ಕೇಳಿದಳು.

"ಕಾದಂಡಿ, ನಾನಲ್ಲ," ಎಂದ ಜಗನ್ಮೋಹನ್, ಹೊನ್ನಪ್ಪನಿಗಿಂತ ಮೊದಲು. "ನಾನು ಬೇಡ ಅಂದವನು. ಮಾಡಿದವರು ಇವರು."

ಆಮೇಲೆ ಅವನು ಮಸ್ತಾನನ ಮೇಜಿನ ಮೇಲೆ ಹಳೆಯ ನಕ್ಷೆಯನ್ನು ಹರಡಿದ. ಹುಳ ತಿಂದ ಮೂಲೆಗೆ ಹಿಂದಿನಿಂದ ಬಿಳಿ ಕಾಗದ ಅಂಟಿಸಿ, ಅದರ ಮೇಲೆ ಮೂರನೇ ಕೋನದ ಗುರುತು ಬರೆದ. ತುದಿ ಕತ್ತರಿಸಿದ ಒಂದು ಶಂಕು, ಅದರ ಚಿಕ್ಕ ತುದಿಯ ಕಡೆಗೆ ಒಂದರೊಳಗೊಂದು ಎರಡು ವೃತ್ತ. ಕಡಿದುಹೋದ ಗುಬುಟಿನ ಗೆರೆಯನ್ನು ಕೈವಾರದಿಂದ ತುಂಬಿದ. ಕೆಳಗೆ, ನಕ್ಷೆಯನ್ನು ಪರಿಶೀಲಿಸಿದವರು ರುಜು ಹಾಕುವ ಖಾನೆ ಖಾಲಿಯಿತ್ತು. ಅಲ್ಲಿ ರುಜು ಹಾಕುವುದು ಎಂಜಿನಿಯರುಗಳು. ಅಚ್ಚು ಮಾಡುವವನ ಹೆಸರನ್ನು ಯಾವ ನಕ್ಷೆಯ ಮೇಲೂ ಯಾರೂ ಕಂಡಿಲ್ಲ.

ಜಗನ್ಮೋಹನ್ ಪೆನ್ನನ್ನು ಹೊನ್ನಪ್ಪನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದ.

"ಇದು ನಿಮ್ಮ ಜಾಗ, ಮೇಸ್ತ್ರಿಗಾರು."

ಹೊನ್ನಪ್ಪ ಕೈಗೆ ಹತ್ತಿದ್ದ ಗ್ರೀಸನ್ನು ಗೋಣಿಚೀಲಕ್ಕೆ ಎರಡು ಸಲ ಒರೆಸಿಕೊಂಡ. ಊರಿನ ಶಾಲೆಯಲ್ಲಿ ಕಲಿತ ದುಂಡು ಅಕ್ಷರದಲ್ಲಿ, ಕನ್ನಡದಲ್ಲೇ, ತನ್ನ ಹೆಸರು ಬರೆದ. ಮಸ್ತಾನ್ ಬಗ್ಗಿ ನೋಡಿ, ಇದು ನಮ್ಮ ತೆಲುಗಿನ ಹಾಗೇ ಇದೆಯಲ್ಲ ಎಂದು ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಹೊರಗಿನ ಹೆಂಗಸರಿಗೂ ಕೇಳುವಂತೆ ಜೋರಾಗಿ ಓದಿದ. ಹೊನ್ನಪ್ಪ ಎಷ್ಟು ದೊಡ್ಡದಾಗಿ ಬರೆದಿದ್ದನೆಂದರೆ ಕೊನೆಯ ಎರಡು ಅಕ್ಷರಕ್ಕೆ ಖಾನೆ ಸಾಲದೆ, ಅವು ಗೆರೆ ದಾಟಿ ಬ್ರಾಕೆಟ್ಟಿನ ಚಿತ್ರದ ಪಕ್ಕದವರೆಗೂ ಹೋಗಿದ್ದವು.